ನೇತ್ರಾಣಿಯ ನೀರಿಗೆ ಅಪ್ಪ ಇಳಿದದ್ದು

ನಾನು ಹುಟ್ಟು ಪುಕ್ಕಲಿ. ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ. ಹಲ್ಲಿ ಕಂಡರೆ ಕಿರುಚುವವರು, ಕತ್ತಲೆ ಕಂಡರೆ ಓಡುವವರು ಬೇಕಾದಷ್ಟಿದ್ದಾರೆ. ನನ್ನದು ನೀರಿನ ಭಯ. ಕೊಡದಲ್ಲಿರುವ ನೀರಿನದಲ್ಲ, ತಳ ಕಾಣದ ನೀರಿನದು. ತುಮಕೂರಿನಿಂದ ಕುಣಿಗಲ್ಲಿಗೆ ದಿನಾ ಬಸ್ಸಿನಲ್ಲಿ ಕೆಲಸಕ್ಕೆ ಹೋಗಿ ಬರುತ್ತಿದ್ದ ವರ್ಷಗಳಲ್ಲಿ, ಕೆರೆ ತುಂಬಿದೆ ಎಂದು ಬಸ್ಸಿನವರೆಲ್ಲ ಕಿಟಕಿಗೆ ಮುಖ ಹಚ್ಚಿದರೆ ನಾನೊಬ್ಬಳು ಟಿಕೆಟ್ಟಿನ ಹಿಂದಿನ ಸಣ್ಣ ಅಕ್ಷರಗಳನ್ನು ಓದುತ್ತ ಕೂತಿರುತ್ತಿದ್ದೆ. ಪಕ್ಕದವರು "ನೋಡ್ರೀ ಮೇಡಂ, ಹೆಂಗೆ ತುಂಬೈತೆ!" ಎಂದರೆ "ನೋಡ್ದೆ, ನೋಡ್ದೆ" ಎಂದು ಬಾಯಿ ಮುಚ್ಚಿಸುತ್ತಿದ್ದೆ.

ಈ ಭಯವನ್ನು ನನಗೆ ಅಂಟಿಸಿದವನು ನೀರಿಗೆ ಒಂದಿಷ್ಟೂ ಹೆದರದ ನನ್ನ ಅಪ್ಪ.

ಗುಬ್ಬಿಯಿಂದ ಸ್ವಲ್ಪ ಒಳಗೆ ನಮ್ಮೂರು. ತೆಂಗಿನ ತೋಟ, ಒಂದಿಷ್ಟು ರಾಗಿ ಹೊಲ, ತೋಟದ ನಡುವೆ ಕಲ್ಲು ಕಟ್ಟಿದ ತೆರೆದ ಬಾವಿ. ತೊಂಬತ್ತರ ದಶಕದಲ್ಲಿ ಸುತ್ತಮುತ್ತಲಿನ ಅಂಥ ಬಾವಿಗಳಲ್ಲಿ ಇನ್ನೂ ನೀರಿತ್ತು. ನೀರಿದ್ದ ಮೇಲೆ ಒಳಗೆ ಏನಾದರೊಂದು ಬೀಳುವುದು ಇದ್ದದ್ದೇ. ಬಿಂದಿಗೆ, ಹಗ್ಗದ ಸಮೇತ ಬಕೆಟ್ಟು, ಒಮ್ಮೆ ಯಾರದೋ ಹೊಸ ಸೈಕಲ್ಲು. ಎಲ್ಲಕ್ಕಿಂತ ಹೆಚ್ಚು ಕಾಟ ಕೊಡುತ್ತಿದ್ದದ್ದು ಪಂಪಿನ ಫುಟ್‌ವಾಲ್ವು. ಪೈಪಿನ ತುದಿಯಲ್ಲಿ ನೀರೆಳೆಯುವ ಆ ಜಾಲರಿಗೆ ಪಾಚಿಯೋ ಗರಿಯ ಚೂರೋ ಕಟ್ಟಿಕೊಂಡರೆ ಮೋಟರು ಬರೀ ಕೂಗುತ್ತದೆ, ನೀರು ಬರುವುದಿಲ್ಲ. ಆಗ ಅಪ್ಪನಿಗೆ ಕರೆ ಬರುತ್ತಿತ್ತು. ಕೂಲಿಗೀಲಿ ಏನಿಲ್ಲ, ಒಂದು ಲೋಟ ಕಾಫಿ, ಒಂದಿಷ್ಟು ಹೊಗಳಿಕೆ. ಹೊಗಳಿದರೆ ಅಪ್ಪ ಬಾವಿಗೇನು, ಪಾತಾಳಕ್ಕೂ ಇಳಿದುಬಿಡುತ್ತಿದ್ದ.

ನಮ್ಮ ಕಡೆ ಒಂದು ಕಟ್ಟಳೆಯಿತ್ತು. ಮನುಷ್ಯ ನೀರೊಳಗಿರುವಷ್ಟು ಹೊತ್ತು ಬಾವಿಕಟ್ಟೆಯ ಮೇಲೆ ಯಾರೂ ಮಾತಾಡಬಾರದು. ಅವನ ಮನೆಯವರಾದರೆ ಅಷ್ಟು ಸಾಲದು. ಅವನು ಮುಳುಗಿದ ಕೂಡಲೇ ತಾವೂ ಉಸಿರು ಹಿಡಿಯಬೇಕು. ಅವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಲ್ಲುತ್ತಿದ್ದಳು. ಯಾಕೆ ಹೀಗೆ ಎಂದು ಒಮ್ಮೆ ಕೇಳಿದ್ದಕ್ಕೆ, "ನಮ್ಗೆ ಎಷ್ಟು ಕಷ್ಟ ಆಗ್ತೈತೋ ಒಳಗಿರೋರ್ಗೂ ಅಷ್ಟೇ ಆಗ್ತಿರ್ತೈತೆ ಕಣೇ. ನಮ್ ಉಸಿರು ಮುಗೀತು ಅಂದ್ರೆ ಜನಾನ ಕೂಗ್ಬೇಕು ಅಂತ ಗೊತ್ತಾಗ್ತೈತೆ" ಎಂದಿದ್ದಳು. ಅವಳ ಪಕ್ಕದಲ್ಲಿ ಅವಳ ಸೀರೆಯ ನೆರಿಗೆ ಹಿಡಿದು ನಾನೂ ಉಸಿರು ಕಟ್ಟುತ್ತಿದ್ದೆ. ಯಾರೂ ಹೇಳಿಕೊಟ್ಟದ್ದಲ್ಲ. ಅಪ್ಪನ ತಲೆ ಹಸಿರು ನೀರಿನೊಳಗೆ ಹೋಗುವುದು, ನೀರು ಮತ್ತೆ ಕೂಡಿಕೊಳ್ಳುವುದು, ಎದೆ ಉರಿಯತೊಡಗುವುದು. ಅಪ್ಪ ಎದ್ದು ಬರುವಷ್ಟರಲ್ಲಿ ನನಗೆ ಕಣ್ಣು ಕತ್ತಲೆ ಬರುತ್ತಿತ್ತು.

ಒಂದು ಸಲ, ಮಳೆಗಾಲ ಮುಗಿದ ಮೇಲೆ, ಪಕ್ಕದೂರಿನ ಬಾವಿಯಲ್ಲಿ ಅಪ್ಪ ಎದ್ದು ಬರಲಿಲ್ಲ. ನನ್ನ ಉಸಿರು ಮುಗಿಯಿತು. ಅವ್ವನ ಉಸಿರೂ ಮುಗಿಯಿತು. ಅವಳು ಇನ್ನೊಂದು ಉಸಿರು ತೆಗೆದುಕೊಂಡು ಮತ್ತೆ ಸೆರಗು ಒತ್ತಿದಳು. ಅದೂ ಮುಗಿಯಿತು. ನೀರಿನ ಮೇಲೆ ಒಂದು ಅಲೆಯೂ ಇರಲಿಲ್ಲ. ಅವ್ವನ ಬಾಯಿಂದ ಹೊರಟ ಕೂಗು ಮನುಷ್ಯರ ಕೂಗಿನ ಹಾಗಿರಲಿಲ್ಲ. ಯಾರೋ ಅಂಗಿ ಕಳಚಿ ಧುಮುಕಲು ಕಟ್ಟೆ ಹತ್ತಿದ್ದರು, ಅಷ್ಟರಲ್ಲಿ ಅಪ್ಪನ ತಲೆ ಕಾಣಿಸಿತು. ತಲೆಯ ಮೇಲೆ ಪಾಚಿ, ಮುಖದಲ್ಲಿ ನಗು. ಹಳೇ ಹಗ್ಗದ ಕುಣಿಕೆಯೊಂದು ಕಾಲಿಗೆ ಸಿಕ್ಕಿಕೊಂಡಿತ್ತಂತೆ. "ಏನ್ರೋ ಇದು, ಸಂತೆ ಸೇರ್ಸಿದೀರಾ!" ಎಂದು ಎಲ್ಲರನ್ನೂ ಗದರಿ, ಕಾಫಿ ಕುಡಿದು, ಸೈಕಲ್ಲೇರಿ ಮನೆಗೆ ಬಂದ. ಅವ್ವ ಆ ರಾತ್ರಿ ಮುದ್ದೆಯನ್ನು ತಟ್ಟೆಗೆ ಕುಕ್ಕಿದ ಸದ್ದು ಬೀದಿಗೆ ಕೇಳಿಸಿರಬೇಕು. ನನಗೆ ಜ್ವರ ಬಂತು. ಅಪ್ಪನ ಆ ನಗು ನೆನೆಸಿಕೊಂಡರೆ ಇವತ್ತಿಗೂ ಮೈ ಉರಿಯುತ್ತದೆ.

ಹಾಗೆಂದು ಅಪ್ಪ ನನಗೆ ಈಜು ಕಲಿಸದೆ ಬಿಡಲಿಲ್ಲ. ಸಿಪ್ಪೆ ಸುಲಿಯದ ಎರಡು ಒಣ ತೆಂಗಿನಕಾಯಿಗಳನ್ನು ಒಂದಕ್ಕೊಂದು ಕಟ್ಟಿ ನನ್ನ ಹೊಟ್ಟೆಯ ಕೆಳಗಿಟ್ಟು ನೀರಿಗೆ ತಳ್ಳಿದ. ನಾನೂ ಕಲಿತೆ, ಕತ್ತು ಎತ್ತಿಕೊಂಡು, ಮುಖ ಒದ್ದೆಯಾಗದ ಹಾಗೆ. ಎಮ್ಮೆ ಈಜುವುದೂ ಹಾಗೆಯೇ ಎಂದು ಅಪ್ಪ ಆಡಿಕೊಳ್ಳುತ್ತಿದ್ದ. ಮುಳುಗು ಎಂದರೆ ಮಾತ್ರ ಬಾವಿಯ ಮೆಟ್ಟಿಲಿಗೆ ಅಂಟಿಕೊಂಡುಬಿಡುತ್ತಿದ್ದೆ.

ಎರಡು ಸಾವಿರದ ಇಸವಿ ದಾಟುವಷ್ಟರಲ್ಲಿ ಬಾವಿಗಳು ಒಂದೊಂದಾಗಿ ಒಣಗಿದವು, ಊರ ತುಂಬ ಬೋರ್‌ವೆಲ್‌ಗಳಾದವು. ಅಪ್ಪನಿಗೆ ಬರುವ ಕರೆ ಕಡಿಮೆಯಾಯಿತು. ದೇವರು ನನ್ನ ಕಡೆ ಕಣ್ಣು ಬಿಟ್ಟ ಎಂದುಕೊಂಡೆ. ಅಷ್ಟರಲ್ಲಿ ನನಗೆ ಕೆಲಸ ಸಿಕ್ಕಿ, ಮದುವೆಯಾಗಿ, ಕ್ಯಾತ್ಸಂದ್ರದಲ್ಲಿ ಮನೆ ಮಾಡಿದ್ದೆವು. ಅಪ್ಪ ಭಾನುವಾರ ಬಂದರೆ ನಮ್ಮ ಟೀವಿಯ ಮುಂದೆ ಕೂರುತ್ತಿದ್ದ. ಒಂದು ದಿನ ಯಾವುದೋ ಚಾನೆಲ್ಲಿನಲ್ಲಿ ಸಮುದ್ರದೊಳಗೆ ಬೆನ್ನಿಗೆ ಸಿಲಿಂಡರು ಕಟ್ಟಿಕೊಂಡ ಜನ ಮೀನುಗಳ ನಡುವೆ ನಿಧಾನವಾಗಿ ತೇಲುತ್ತಿದ್ದರು. ಅಪ್ಪ ಕಾಫಿ ಲೋಟ ಕೆಳಗಿಟ್ಟ.

"ಇವ್ರು ಒಳಗೇ ಉಸಿರಾಡ್ತಾವ್ರಲ್ಲೇ!"

"ಹೂಂ, ಅದಕ್ಕೇನೀಗ?"

"ನಾನು ಇಷ್ಟು ಬಾವಿಗೆ ಇಳ್ದಿದೀನಿ, ಒಂದ್ ಬಾವಿ ತಳಾನೂ ಸರ್ಯಾಗಿ ನೋಡಿಲ್ಲ ಕಣವ್ವ. ಹೋಗೋದು, ತಡಕೋದು, ಬರೋದು. ಅಲ್ಲಿ ನಿಂತ್ಕಂಡು ನೋಡಕ್ಕೆ ಉಸಿರೆಲ್ಲೈತೆ?"

ಅವತ್ತಿನಿಂದ ಅದೊಂದು ಗುಂಗು ಹಿಡಿಯಿತು. ಅಂತರಸನಹಳ್ಳಿಯ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ನನ್ನ ಗಂಡ ಒಳ್ಳೆಯವರೇ, ಆದರೆ ಬಾಯಿಗೆ ಬೀಗವಿಲ್ಲ. ಮುರುಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿ ಎಂಬ ದ್ವೀಪಕ್ಕೆ ಕರೆದುಕೊಂಡು ಹೋಗಿ ಹೀಗೆಯೇ ಇಳಿಸುತ್ತಾರಂತೆ, ತಮ್ಮ ಶಿಫ್ಟಿನವರು ಹೋಗಿ ಬಂದರಂತೆ ಎಂದು ಅಪ್ಪನ ಮುಂದೆಯೇ ಹೇಳಿಬಿಟ್ಟರು. ನಾನು ಅಡುಗೆಮನೆಯಿಂದ ಕಣ್ಣಲ್ಲೇ ಸುಟ್ಟರೂ ಪ್ರಯೋಜನವಾಗಲಿಲ್ಲ. ಆ ಚಳಿಗಾಲದಲ್ಲಿ ನಾವು ಮೂವರೂ ಮುರುಡೇಶ್ವರದ ಬಸ್ಸು ಹತ್ತಿದೆವು. ಹಸು ಕರು ಹಾಕುವ ದಿನ ಹತ್ತಿರವಾಗಿದ್ದರಿಂದ ಅವ್ವ ಬರಲಿಲ್ಲ. ಅವಳಿಗೆ ದೇವರ ದರ್ಶನ ಎಂದಷ್ಟೇ ಹೇಳಿದ್ದೆವು.

ಅಲ್ಲಿ ಅಪ್ಪನನ್ನು ಇಳಿಸಬೇಕಾದವನು ಗೋವಾ ಕಡೆಯ ಗಟ್ಟಿಮುಟ್ಟಾದ ಮನುಷ್ಯ. ಹಿಂದಿ, ಇಂಗ್ಲಿಷು ಬಿಟ್ಟು ಬೇರೆ ಬಾರದು. ದಡದ ಆಳವಿಲ್ಲದ ನೀರಿನಲ್ಲಿ ಮೊದಲು ಅಭ್ಯಾಸ ಮಾಡಿಸಿದ. ಅವನು ಹೇಳಿದ್ದನ್ನು ಅಪ್ಪನಿಗೆ ಕನ್ನಡದಲ್ಲಿ ಹೇಳುವ ಕೆಲಸ ನನ್ನದು. ಹೆಬ್ಬೆರಳು ಎತ್ತಿದರೆ ಸೂಪರ್ ಎಂದಲ್ಲ, ಮೇಲಕ್ಕೆ ಹೋಗೋಣ ಎಂದರ್ಥ. ಯಾವುದನ್ನೂ ಮುಟ್ಟಬಾರದು. ಕೊನೆಗೆ ಅವನು ನಗು ನಿಲ್ಲಿಸಿ ಒಂದು ಮಾತನ್ನು ಮತ್ತೆ ಮತ್ತೆ ಹೇಳಿದ.

"ಏನಂತೆ?" ಎಂದ ಅಪ್ಪ.

"ಒಳಗೆ ಉಸಿರು ಕಟ್ಟಲೇಬಾರದಂತೆ ಕಣಪ್ಪ. ಎಳ್ಕೊಳ್ತಾ ಇರ್ಬೇಕು, ಬಿಡ್ತಾ ಇರ್ಬೇಕು."

"ಯಾಕಂತೆ? ನಾನು ಜೀವಮಾನವೆಲ್ಲ ಕಟ್ಟಿದೀನಿ."

ನಾನು ಕೇಳಿ ತಿಳಿದುಕೊಂಡು ಹೇಳಿದೆ. ಬಾವಿಗೆ ಇಳಿಯುವಾಗ ಉಸಿರು ತೆಗೆದುಕೊಳ್ಳುವುದು ಮೇಲೆ. ಅದೇ ಉಸಿರಿನಲ್ಲಿ ಹೋಗಿ ಬರುವುದು. ಇಲ್ಲಿ ಉಸಿರು ತೆಗೆದುಕೊಳ್ಳುವುದು ಕೆಳಗೆ, ಸಿಲಿಂಡರಿನಿಂದ. ನೀರಿನ ಭಾರದಡಿಯಲ್ಲಿ ಎಳೆದ ಆ ಗಾಳಿ ಮೇಲಕ್ಕೆ ಬರುತ್ತ ಬರುತ್ತ ಹಿಗ್ಗುತ್ತದೆ. ಬಾಯಿ ಮುಚ್ಚಿಕೊಂಡು ಬಂದರೆ ಅದಕ್ಕೆ ಹೋಗಲು ದಾರಿಯಿಲ್ಲ, ಶ್ವಾಸಕೋಶವೇ ಹರಿದುಹೋಗಬಹುದು. ಅಪ್ಪ "ಆಯ್ತು ಬುಡು" ಎಂದ. ಅಪ್ಪನ ಆ "ಆಯ್ತು ಬುಡು" ನನಗೆ ಚೆನ್ನಾಗಿ ಗೊತ್ತು. ಅವ್ವ ಬಾವಿಗೆ ಇಳಿಯಬೇಡಿ ಎಂದಾಗಲೆಲ್ಲ ಅವನು ಹೇಳುತ್ತಿದ್ದದ್ದು ಅದನ್ನೇ.

ಜೀವಮಾನವೆಲ್ಲ ಉಸಿರು ಕಟ್ಟುವುದನ್ನೇ ಕಲಿತ ಮನುಷ್ಯ. ಇವನು ಕೆಳಗೆ ಹೋಗಿ, ಹಳೇ ರೂಢಿಯಂತೆ ಬಾಯಿ ಮುಚ್ಚಿ, ತಳಕ್ಕೆ ಒದ್ದು ಸರ್ರನೆ ಮೇಲಕ್ಕೆ ಬಂದರೆ ಏನು ಗತಿ? ಬಂದ ಮೇಲೆ ಅವನ ಬಾಯಿಂದ ರಕ್ತ ಬರುತ್ತಿರುವುದು ನನ್ನ ಕಣ್ಣಿಗೆ ಕಟ್ಟಿತು. ಬೇಡ ಅಂದೆ. ಅಪ್ಪ ಕೇಳಲಿಲ್ಲ. ಕೈ ಮುಗಿದೆ. ನಕ್ಕ. ಮೊದಲು ದೋಣಿಯಲ್ಲಿ ಕೂತಿರುತ್ತೇನೆ ಎಂದುಕೊಂಡಿದ್ದ ನಾನು ಆಗಲೇ ತೀರ್ಮಾನಿಸಿದ್ದು, ನಾನೂ ಇಳಿಯುತ್ತೇನೆ ಎಂದು. ಧೈರ್ಯದಿಂದಲ್ಲ. ಇನ್ನೊಂದು ಸಲ ಮೇಲೆ ನಿಂತು ನೀರು ನೋಡುತ್ತ ಕಾಯುವುದು ನನ್ನಿಂದ ಆಗುವ ಮಾತಾಗಿರಲಿಲ್ಲ.

ತರಬೇತುದಾರ ನನಗೂ ಅದೇ ಅಭ್ಯಾಸ ಮಾಡಿಸಿದ ಮೇಲೆ ದೋಣಿ ಹೊರಟಿತು. ದ್ವೀಪ ಮುಟ್ಟುವಷ್ಟರಲ್ಲಿ ನನ್ನ ಗಂಡ ತಿಂದ ಇಡ್ಲಿಯನ್ನೆಲ್ಲ ಸಮುದ್ರಕ್ಕೆ ಒಪ್ಪಿಸಿ ಮೂಲೆಯಲ್ಲಿ ಮುದುಡಿದ್ದರು. ನೇತ್ರಾಣಿ ಎಂದರೆ ನೀರಿನಿಂದ ನೆಟ್ಟಗೆ ಎದ್ದ ಬಂಡೆ, ಮೇಲೆ ಒಂದಿಷ್ಟು ಕಾಡು, ಬಂಡೆಯ ಸಂದುಗಳಲ್ಲಿ ಪಾರಿವಾಳಗಳು. ಅದರ ಬುಡದಲ್ಲಿ ಸಮುದ್ರ ತಿಳಿಯಾಗಿತ್ತು. ನಮ್ಮ ಬಾವಿಯ ತಳ ಕಾಣುವುದಿಲ್ಲ ಎಂದು ಹೆದರಿದವಳು ನಾನು. ಇಲ್ಲಿ ತಳ ಕಾಣುತ್ತಿತ್ತು, ಅದು ಎಷ್ಟು ಕೆಳಗಿದೆ ಎಂಬುದೂ ಕಾಣುತ್ತಿತ್ತು. ಯಾವುದು ಹೆಚ್ಚು ಭಯಂಕರ ಎಂದು ನಿರ್ಧರಿಸಲು ಪುರುಸೊತ್ತು ಸಿಗಲಿಲ್ಲ. ಬೆನ್ನಿಗೆ ಸಿಲಿಂಡರು, ಸೊಂಟಕ್ಕೆ ಸೀಸದ ತೂಕ, ಕಣ್ಣಿಗೆ ಗಾಜಿನ ಮುಖವಾಡ, ಬಾಯಿಗೆ ಗಾಳಿಕೊಳವೆಯ ರಬ್ಬರು. ಹಿಂದಕ್ಕೆ ಬೀಳು ಎಂದರು, ಬಿದ್ದೆ.

ಒಳಗೆ ಮೊದಲು ಕೇಳಿಸಿದ್ದು ನನ್ನದೇ ಉಸಿರು, ಕುಲುಮೆಯ ತಿದಿಯ ಹಾಗೆ. ತರಬೇತುದಾರ ನಮ್ಮಿಬ್ಬರ ನಡುವೆ ಇದ್ದು, ಒಂದೊಂದು ಕೈಯಲ್ಲಿ ಒಬ್ಬೊಬ್ಬರ ಸಿಲಿಂಡರು ಹಿಡಿದು ನಿಧಾನವಾಗಿ ಇಳಿಸಿದ. ಕಿವಿ ನೋಯುತ್ತಿತ್ತು. ನಾನು ಬಂಡೆ ನೋಡಲಿಲ್ಲ, ಮೀನು ನೋಡಲಿಲ್ಲ. ಅಪ್ಪನ ಬಾಯಿಯ ಪಕ್ಕವನ್ನೇ ನೋಡಿದೆ. ಗುಳ್ಳೆ ಬಂತು. ಒಂದು ಗಳಿಗೆ ಬಿಟ್ಟು ಮತ್ತೆ ಬಂತು. ಅಪ್ಪ ಉಸಿರಾಡುತ್ತಿದ್ದ.

ಆಮೇಲೆ ಸ್ವಲ್ಪ ಧೈರ್ಯವಾಗಿ ಕಣ್ಣು ಆಚೀಚೆ ಹೋಯಿತು. ಹಳದಿ ಮೈಗೆ ಕಪ್ಪು ಗೀರು ಎಳೆದ ಮೀನುಗಳು ಜೋಡಿ ಜೋಡಿಯಾಗಿ ಓಡಾಡುತ್ತಿದ್ದವು. ಗಿಣಿಯ ಕೊಕ್ಕಿನಂಥ ಬಾಯಿಯ ಹಸಿರು ಮೀನೊಂದು ಹವಳದ ಕಲ್ಲನ್ನು ಕಡಿಯುತ್ತಿತ್ತು. ಕಡಿಯುವ ಸದ್ದು ನೀರಿನೊಳಗೆ ಕಟುಂ ಕಟುಂ ಎಂದು ಸ್ಪಷ್ಟವಾಗಿ ಕೇಳುತ್ತಿತ್ತು. ಬೆಳ್ಳಿ ಬಣ್ಣದ ಉದ್ದನೆಯ ಮೀನುಗಳ ಗುಂಪೊಂದು ದೂರದಲ್ಲಿ ಅಲುಗದೆ ನಿಂತು ನಮ್ಮನ್ನೇ ನೋಡುತ್ತಿತ್ತು, ಅದನ್ನು ಕಂಡು ನಾನು ತರಬೇತುದಾರನಿಗೆ ಒತ್ತಿಕೊಂಡೆ. ಅಪ್ಪ ಮಾತ್ರ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡುಬಿಟ್ಟಿದ್ದ. ಬೆಳಿಗ್ಗೆ ತೋಟದಲ್ಲಿ ಯಾವ ಮರ ಎಷ್ಟು ಹೊಂಬಾಳೆ ಬಿಟ್ಟಿದೆ ಎಂದು ನೋಡಿಕೊಂಡು ಹೋಗುವಾಗ ಹೀಗೆಯೇ ಕೈ ಕಟ್ಟುತ್ತಿದ್ದ. ಒಂದು ಆಮೆ ಅವನ ಮುಂದೆಯೇ ಹಾದುಹೋಯಿತು. ಅಪ್ಪ ಅದಕ್ಕೆ ದಾರಿ ಬಿಟ್ಟು ನಿಂತ. ಅವನ ಸಂತೋಷ ಕಂಡು ನನಗೆ ಅಳು ಬಂತು. ಮುಖವಾಡದೊಳಗೆ ಅಳುವುದು ಬಲು ಕಷ್ಟ.

ಒಂದು ದೊಡ್ಡ ಬಂಡೆಯ ಕೆಳಗೆ ಗುಹೆಯಂಥ ಸಂದಿತ್ತು. ತರಬೇತುದಾರ ಅಲ್ಲಿ ಏನನ್ನೋ ತೋರಿಸಿದ. ಹಾವಿನಂಥ ಮೀನು, ಕತ್ತು ಮಾತ್ರ ಹೊರಗೆ, ಬಾಯಿ ತೆರೆಯುತ್ತ ಮುಚ್ಚುತ್ತ ಇತ್ತು. ನಾನು ಹಿಂದೆ ಸರಿದೆ. ಅಪ್ಪ ಮುಂದೆ ಸರಿದ. ಇನ್ನೂ ಮುಂದೆ. ತಲೆ ಬಂಡೆಯ ಅಡಿಗೆ ಹೋಯಿತು, ಭುಜ ಹೋಯಿತು. ತರಬೇತುದಾರ ಗಾಬರಿಯಾಗಿ ನನ್ನನ್ನು ಬಿಟ್ಟು, ಅಪ್ಪನನ್ನು ಹೊರಕ್ಕೆ ಎಳೆಯಲು ಬಗ್ಗಿದ.

ನನಗೆ ಕಂಡದ್ದು ಅಪ್ಪನ ಕಾಲುಗಳು ಮಾತ್ರ. ಅವನ ಗುಳ್ಳೆಗಳು ಬಂಡೆಯ ಅಡಿಯಲ್ಲೇ ಸಿಕ್ಕಿಕೊಂಡಿದ್ದವೋ ಏನೋ, ಒಂದೂ ಮೇಲಕ್ಕೆ ಬರಲಿಲ್ಲ. ಕಾದೆ. ಬರಲಿಲ್ಲ. ಕಾಲುಗಳೂ ಅಲುಗುತ್ತಿರಲಿಲ್ಲ. ಸಿಕ್ಕಿಕೊಂಡ, ಅಷ್ಟೇ, ಮುಗಿಯಿತು, ಅವ್ವನಿಗೆ ಏನು ಹೇಳಲಿ ಎಂಬುದೊಂದೇ ತಲೆಯಲ್ಲಿ. ಕೂಗಬೇಕು ಎನ್ನಿಸಿತು, ಬಾಯಲ್ಲಿ ರಬ್ಬರು. ಕಣ್ಣು ಕೀಳದೆ ಆ ಕಾಲುಗಳನ್ನೇ ನೋಡುತ್ತ ನಿಂತೆ.

ನಿಂತಿದ್ದೇನೆ ಎಂದುಕೊಂಡಿದ್ದೆ. ಆದರೆ ಆ ಕಾಲುಗಳು ಸಣ್ಣವಾಗುತ್ತಿದ್ದವು. ಯಾಕೆ ಸಣ್ಣವಾಗುತ್ತಿವೆ ಎಂದು ನನಗೆ ಹೊಳೆಯಲಿಲ್ಲ. ಎದೆಯಲ್ಲಿ ಏನೋ ಬಿಗಿಯುತ್ತಿತ್ತು. ಅದು ನನಗೆ ಹೊಸದಲ್ಲ, ಚಿಕ್ಕಂದಿನಿಂದ ಗೊತ್ತಿದ್ದ ಬಿಗಿತವೇ. ಭಯವಾದಾಗ ಹೀಗೆಯೇ ಆಗುತ್ತದೆ ಎಂದುಕೊಂಡೆ.

ಕೆಳಗೆ ಅಪ್ಪ ಸಂದಿನಿಂದ ಹೊರಗೆ ಬಂದ. ನಾನಿದ್ದ ಕಡೆ ತಿರುಗಿದ. ಅಲ್ಲಿ ನಾನಿರಲಿಲ್ಲ. ಆಚೆ ನೋಡಿದ, ಈಚೆ ನೋಡಿದ, ಆಮೇಲೆ ತಲೆ ಎತ್ತಿದ. ಅವನ ಮುಖವಾಡದ ಗಾಜಿನೊಳಗೆ ಕಣ್ಣುಗಳು ಎಷ್ಟು ದೊಡ್ಡವಾದವೆಂದರೆ, ಅಷ್ಟು ಮೇಲಿನಿಂದಲೂ ನನಗೆ ಕಂಡವು. ತರಬೇತುದಾರನ ಕೈ ಕೊಡವಿ ಬಂದ. ನನ್ನ ಕಾಲು ಹಿಡಿದ, ಎಳೆದ, ಮುಖಕ್ಕೆ ಮುಖ ತಂದ, ನನ್ನ ಪಕ್ಕೆಲುಬಿನ ಕೆಳಗೆ ಅಂಗೈಯಿಟ್ಟು ಜೋರಾಗಿ ಒತ್ತಿದ.

ನನ್ನ ಬಾಯಿಂದ ಭರ್ರೆಂದು ಗುಳ್ಳೆಗಳು ಹೊರಟವು. ಆಗ ಗೊತ್ತಾಯಿತು. ಉಸಿರು ಕಟ್ಟಿದ್ದವಳು ನಾನು. ಗಾಳಿ ತುಂಬಿದ ಎದೆ ನನ್ನನ್ನು ಬೆಂಡಿನ ಹಾಗೆ ಮೇಲಕ್ಕೆ ಒಯ್ಯುತ್ತಿತ್ತು, ನಾನು ಬಾಯಿ ಮುಚ್ಚಿಕೊಂಡು ಹೋಗುತ್ತಿದ್ದೆ.

ಅಪ್ಪ ಕೈ ತೆಗೆಯಲಿಲ್ಲ. ನಾನು ಉಸಿರೆಳೆದಾಗ ಬಿಟ್ಟ, ಬಿಡಬೇಕಾದಾಗ ಒತ್ತಿದ. ತರಬೇತುದಾರ ಬಂದು ನನ್ನ ಸಿಲಿಂಡರು ಹಿಡಿದು ಹೆಬ್ಬೆರಳು ಎತ್ತಿದ ಮೇಲೂ, ಇಂಚಿಂಚಾಗಿ ಮೇಲಕ್ಕೆ ಬರುವಷ್ಟು ಹೊತ್ತೂ, ಅವನ ಕೈ ನನ್ನ ಹೊಟ್ಟೆಯ ಮೇಲೇ ಇತ್ತು. ತಲೆ ನೀರಿನಿಂದ ಹೊರಗೆ ಬಂದಾಗ ಬಿಸಿಲು ಕಣ್ಣಿಗೆ ಚುಚ್ಚಿತು. ನಾನು ಕೆಮ್ಮಿದೆ. ಅಪ್ಪ ನನ್ನ ತುಟಿ ಬಿಡಿಸಿ, ಹಸುವಿನ ಹಲ್ಲು ನೋಡುವವನಂತೆ ಒಳಗೆ ನೋಡಿದ. ರಕ್ತವಿರಲಿಲ್ಲ.

ತರಬೇತುದಾರ ದೋಣಿಯ ಮೇಲೆ ನನಗೆ ಹಿಂದಿಯಲ್ಲಿ ಸರಿಯಾಗಿ ಬೈದ. ಬೈಯಬೇಕಾದದ್ದೇ. ಎದೆ ನೋಯುತ್ತಿದೆಯೇ, ಉಸಿರಾಟ ಸರಿಯಿದೆಯೇ, ಮಾತು ತೊದಲುತ್ತಿದೆಯೇ ಎಂದು ಬೈಯುತ್ತಲೇ ವಿಚಾರಿಸಿದ. ದಡಕ್ಕೆ ಹೋದ ಮೇಲೆ ಡಾಕ್ಟರಿಗೆ ತೋರಿಸಲೇಬೇಕು ಎಂದ. ನನ್ನ ಗಂಡ ವಾಂತಿ ಮರೆತು ಎದ್ದು ಕೂತರು. ಕೆಳಗೆ ಆದದ್ದನ್ನು ನಾನು ಹೇಳಿದೆ. ಹೇಳುತ್ತ ಅಪ್ಪನ ಕಡೆ ನೋಡಿದರೆ, ಅವನು ಬೆಲ್ಟಿನ ಕೊಂಡಿ ಬಿಚ್ಚಲು ಒದ್ದಾಡುತ್ತಿದ್ದ. ಕಗ್ಗತ್ತಲೆಯ ಬಾವಿಯಲ್ಲಿ ತಡಕಾಡಿ ವಾಲ್ವು ಬಿಚ್ಚುತ್ತಿದ್ದ ಬೆರಳುಗಳು. ಅವಕ್ಕೆ ಈ ಕೊಂಡಿ ಸಿಗುತ್ತಿರಲಿಲ್ಲ. ನಾನೇ ಬಿಚ್ಚಿಕೊಟ್ಟೆ.

"ಗುಳ್ಳೆ ಬರ್ತಿರ್ಲಿಲ್ಲ ಕಣವ್ವ ನಿಂಗೆ" ಎಂದ. ಮತ್ತೆ ಅದನ್ನೇ ಹೇಳಿದ. "ಬರ್ತಿರ್ಲಿಲ್ಲ."

ದೋಣಿ ಹೊರಟಿತು. ದ್ವೀಪ ಹಿಂದೆ ಬಿತ್ತು. ಅಪ್ಪ ಟವೆಲ್ಲು ಹೊದ್ದು ನನ್ನ ಪಕ್ಕ ಕೂತವನು ತಗ್ಗಿದ ದನಿಯಲ್ಲಿ ಕೇಳಿದ.

"ನಾನು ಬಾವಿಗೆ ಇಳ್ದಾಗ ನಿಮ್ಮವ್ವ ಹಿಂಗೇ ನಿಂತಿರ್ತಿದ್ಲಾ?"

"ಹೂಂ."

"ಪ್ರತಿ ಸಲಾನೂ?"

"ಪ್ರತಿ ಸಲಾನೂ ಕಣಪ್ಪ. ನಾನೂ."

ಆಮೆಯ ಬಗ್ಗೆ ಕೇಳಿದೆ, ಗಿಣಿಬಾಯಿಯ ಮೀನಿನ ಬಗ್ಗೆ ಕೇಳಿದೆ. ಜೀವಮಾನದ ಆಸೆ ತೀರಿದ ಮನುಷ್ಯ, ದಡ ಬರುವವರೆಗೆ ನನ್ನ ಉಸಿರನ್ನೇ ನೋಡುತ್ತ ಕೂತಿದ್ದ. ಡಾಕ್ಟರು ನನ್ನ ಬೆನ್ನು, ಎದೆಗಳ ಮೇಲೆ ಕೊಳವೆಯಿಟ್ಟು ನೋಡಿ ಏನೂ ಆಗಿಲ್ಲ ಎಂದಾಗ ಮಾತ್ರ ಅಲ್ಲಿದ್ದ ಬೆಂಚಿನ ಮೇಲೆ ಕುಸಿದು ಕೂತ.

ಸಂಜೆ ಲಾಡ್ಜಿನ ಕೋಣೆಯಲ್ಲಿ ಅಪ್ಪ ನನ್ನ ಮೊಬೈಲು ಕೇಳಿದ. ಮನೆಯ ಫೋನಿನ ನಂಬರು ಒತ್ತಿಕೊಟ್ಟೆ. ಅವ್ವನಿಗೆ ಫೋನಿನಲ್ಲಿ ಮೆಲ್ಲಗೆ ಮಾತಾಡಿ ಗೊತ್ತಿಲ್ಲ. ಅವಳು ಹೇಳಿದ್ದೆಲ್ಲ ನನಗೂ ಕೇಳುತ್ತಿತ್ತು. ದರ್ಶನ ಆಯಿತಾ, ಊಟ ಆಯಿತಾ, ಹಸು ಇನ್ನೂ ಕರು ಹಾಕಿಲ್ಲ. "ಆಮೇಲೆ ಮೇಲ್ಗಡೆ ತೋಟದೋರು ಬಂದಿದ್ರು. ಅವ್ರ ಬಾವೀಲಿ ಒಂದಿಷ್ಟು ನೀರೈತಲ್ಲ, ವಾಲ್ವ್ ಕಟ್ಕಂಡೈತಂತೆ. ಬಂದ್ಮೇಲೆ ಹೇಳಿ ನೋಡ್ತೀನಿ ಅಂದಿದೀನಿ."

"ಬ್ಯಾರೆ ಯಾರ್ನಾದ್ರೂ ನೋಡ್ಕಳಕ್ಕೆ ಹೇಳು" ಎಂದ ಅಪ್ಪ. "ನಾನಿನ್ನು ಇಳಿಯಲ್ಲ."

ಮದುವೆಯಾದಾಗಿನಿಂದ ಅವ್ವ ಕೇಳಬೇಕೆಂದಿದ್ದ ಮಾತು ಅದೊಂದೇ. ಈಗ ನಗುತ್ತಾಳೆ, ಇಲ್ಲವೇ ಅಳುತ್ತಾಳೆ, ಕೊನೆಗೆ ದೇವರ ಹೆಸರಾದರೂ ಹೇಳುತ್ತಾಳೆ ಎಂದು ನಾನು ಕಿವಿಗೊಟ್ಟೆ.

"ಏನಾಯ್ತು?" ಎಂದಳು ಅವ್ವ. ದನಿ ಬದಲಾಗಿತ್ತು. "ನೀವು ಹಂಗೆಲ್ಲ ಹೇಳೋರಲ್ಲ. ಏನಾಯ್ತು ಹೇಳ್ರೀ."

"ಏನೂ ಆಗಿಲ್ಲ ಕಣೇ."

"ಮಗಳೆಲ್ಲಿ? ಫೋನು ಅವಳ ಕೈಗೆ ಕೊಡಿ. ಅವಳ ದನಿ ಕೇಳ್ಬೇಕು ನಂಗೆ. ಈಗ್ಲೇ ಕೊಡಿ!"

ಅಪ್ಪ ಮೊಬೈಲನ್ನು ನನ್ನ ಕಡೆ ಚಾಚಿದ. ನಾನು ತೆಗೆದುಕೊಂಡೆ.

"ಇಲ್ಲೇ ಇದೀನಿ ಕಣವ್ವ" ಎಂದೆ.